ಬಾಗಿಲ ಹೊರಗಿಟ್ಟ ಹಿಂಡಿ

ಜೆಚೊನ್
ನವೆಂಬರ್ 14

ಮೊಳಕೆ ಸಂಸ್ಥೆಯ ಮುಖ್ಯಸ್ಥೆ ಗು ನಮ್‌ಹಿ ಅವರಿಗೆ,

ಇಲ್ಲಿ ಬೆಳಿಗ್ಗೆ ಎದ್ದರೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಮನೆಮನೆಯಲ್ಲೂ ಚಳಿಗಾಲದ ಕಿಮ್ಚಿಗೆಂದು ಎಲೆಕೋಸು ಉಪ್ಪಿನಲ್ಲಿ ಮುಳುಗಿದೆ. ಪತ್ರವೆಂದರೆ ಋತುವಿನಿಂದ ಶುರುವಾಗಬೇಕೆಂದು ಶಾಲೆಯಲ್ಲಿ ಕಲಿಸಿದ್ದರಿಂದ ಇಷ್ಟು ಬರೆದೆ. ಇನ್ನು ವಿಷಯಕ್ಕೆ ಬರುತ್ತೇನೆ.

ತಮ್ಮ ಸಂಸ್ಥೆಯ ಕೆಲಸ ಬಿಟ್ಟ ಮೇಲೆ ನಾನು ಜೆಚೊನ್ ಪೇಟೆಯ ಹಿಂಬೀದಿಯಲ್ಲಿರುವ ನನ್ನ ದೊಡ್ಡಮ್ಮನ ತೋಫು ಅಂಗಡಿಯಲ್ಲಿದ್ದೇನೆ. ಸೋಯಾ ಕಾಳು ನೆನೆಸುತ್ತೇನೆ, ರುಬ್ಬುತ್ತೇನೆ, ಹಾಲು ಕಾಯಿಸುತ್ತೇನೆ, ಒಡೆಸಿ ತೋಫು ಮಾಡುತ್ತೇನೆ. ಹಾಲು ಕಾಯಿಸುವ ಎಣ್ಣೆ ಬಾಯ್ಲರ್‌ಗೆ ನನಗಿಂತ ಹೆಚ್ಚು ವಯಸ್ಸು. ಅದರ ಬದಲು, ಬಳಸಿದ ಬಿಸಿನೀರಿನ ಶಾಖವನ್ನೇ ಹಿಡಿದು ಮತ್ತೆ ಬಳಸುವ ಹೊಸ ಬಾಯ್ಲರ್ ಹಾಕಿಸೋಣವೆಂದು ತಮ್ಮ ಹಸಿರು ಸಾಲಕ್ಕೆ ಅರ್ಜಿ ಹಾಕಿದೆವು. ಕಸ ಕಡಿಮೆ ಮಾಡುವ ಅಂಗಡಿಗೆ ಬಡ್ಡಿಯೂ ಕಡಿಮೆ ಎಂದು ತಮ್ಮ ಜಾಹೀರಾತು ಇಲ್ಲಿನ ಬಸ್ಸುಗಳ ಬೆನ್ನ ಮೇಲೆಲ್ಲ ಇದೆ.

ನಮ್ಮದು ಕಸವೇ ಇಲ್ಲದ ಅಂಗಡಿ. ಬಹುಶಃ ಅದಕ್ಕೇ ಸಾಲ ನಿಲ್ಲಿಸಿದ್ದೀರಿ. ಬಂದ ಉತ್ತರದಲ್ಲಿ ಇರುವುದು ಒಂದೇ ಸಾಲು: "ಅನುಮಾನ. ಆಹಾರದ ಕಸವನ್ನು ಬೇರೆಡೆ ಸುರಿಯುತ್ತಿರುವ ಸಾಧ್ಯತೆ." ಬೀದಿಯ ಕೊನೆಯಲ್ಲಿರುವ, ಯಾರು ಎಷ್ಟು ಸುರಿದರೆಂದು ತಾನೇ ತೂಗಿ ಲೆಕ್ಕವಿಡುವ ಕಸದ ಡಬ್ಬಿಗೆ ನಮ್ಮ ಕಾರ್ಡ್ ತೋರಿಸಿ ಸುರಿದದ್ದರ ತೂಕ ಸೊನ್ನೆಗೆ ಹತ್ತಿರವಂತೆ. ಅಷ್ಟು ಮೂಟೆ ಕಾಳು ಕೊಳ್ಳುವವರಿಗೆ ಇದು ಸಾಧ್ಯವಿಲ್ಲವಂತೆ.

ಹಾಲು ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಹಿಂಡಿಯನ್ನು ನಾವು ಎಸೆಯುವುದಿಲ್ಲ. ಚೀಲಕ್ಕೆ ತುಂಬಿ ಬಾಗಿಲ ಹೊರಗೆ ಗೂಟಕ್ಕೆ ನೇತುಹಾಕುತ್ತೇವೆ. ಬೇಕಾದವರು ಒಯ್ಯುತ್ತಾರೆ, ಮನೆಯಲ್ಲಿ ಸಾರು ಮಾಡಿಕೊಳ್ಳುತ್ತಾರೆ. ಈ ದೇಶದ ಪ್ರತಿಯೊಂದು ತೋಫು ಅಂಗಡಿಯೂ ಇದನ್ನೇ ಮಾಡುತ್ತದೆ. ನಿಮ್ಮ ನಿಯಮ ಬರೆದ ಮಹಾನುಭಾವರು ಯಾರೋ, ಅವರು ತೋಫು ಅಂಗಡಿಯ ಮುಂದೆ ಒಮ್ಮೆಯೂ ನಡೆದಿಲ್ಲವೆಂದು ಕಾಣುತ್ತದೆ.

ಸಾಲ ಬರದಿದ್ದರೆ ಹೊಸವರ್ಷದ ಸೊಲ್ಲಾಲ್ ಹಬ್ಬಕ್ಕೆ ಮುಂಚೆಯೇ ಅಂಗಡಿ ಮುಚ್ಚುವುದೆಂದು ದೊಡ್ಡಮ್ಮ ತೀರ್ಮಾನಿಸಿದ್ದಾಳೆ. ಹಳೆಯ ಬಾಯ್ಲರ್ ಹಬ್ಬದ ಕೆಲಸವನ್ನು ತಾಳುವುದಿಲ್ಲ, ಅದು ಒಂದು. ಇನ್ನೊಂದು ಅವಳ ಮಾತಿನಲ್ಲೇ ಕೇಳಿ: "ನಲವತ್ತು ವರ್ಷದಿಂದ ಈ ಬೀದೀಲಿದೀನಿ. ಸಪ್ಪೆ ಅಂದಿದಾರೆ, ದುಬಾರಿ ಅಂದಿದಾರೆ, ಬಾಯಿ ಜೋರು ಅಂದಿದಾರೆ. ಕಳ್ಳಿ ಅಂತ ಮಾತ್ರ ಯಾರೂ ಅಂದಿರ್ಲಿಲ್ಲ."

ಅನುಮಾನವನ್ನು ತೆಗೆದುಹಾಕಬೇಕೆಂದು ಕೋರುತ್ತೇನೆ.

ತಮ್ಮ ಹಿಂದಿನ ಉದ್ಯೋಗಿ,
ಮೋ ಆರಾನ್


ಸಿಯೋಲ್
ನವೆಂಬರ್ 22

ಆರಾನ್,

ಕಚೇರಿ ಮುಂದಿನ ಗಿಂಕೊ ಮರಗಳೆಲ್ಲ ಬೋಳಾಗಿವೆ. ಎಲೆ ಗುಡಿಸಿದರೂ ಹಣ್ಣಿನ ನಾತ ಹೋಗಿಲ್ಲ. ನಿನ್ನ ಋತುವಿಗೆ ನನ್ನ ಋತು ಸರಿಹೋಯಿತಲ್ಲ?

ನೀನು ನನ್ನ ನಂಬರನ್ನು ಫೋನಿನಲ್ಲಿ ತಡೆದಿಟ್ಟು ವರ್ಷವಾಗುತ್ತ ಬಂತು. ಹಾಗಾಗಿ ಜನರ ದುಡ್ಡನ್ನು ಫೋನಿನಲ್ಲೇ ಓಡಾಡಿಸುವ ಸಂಸ್ಥೆಯ ಮುಖ್ಯಸ್ಥೆ ಇಂದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಅಂಚೆಚೀಟಿ ಕೊಂಡಳು. ಕೌಂಟರಿನ ಹುಡುಗಿ "ಇದನ್ನ ಇಲ್ಲಿ ಅಂಟಿಸ್ಬೇಕು, ಮೇಡಂ" ಎಂದು ತೋರಿಸಿಕೊಟ್ಟಳು. ನನಗೆ ನಲವತ್ತಾರು ವರ್ಷ ಎಂಬುದನ್ನು ಅವಳು ಗಮನಿಸಿದಂತಿರಲಿಲ್ಲ.

ನೀನು ಹುಡುಕುತ್ತಿರುವ ಮಹಾನುಭಾವಿ ನೀನೇ. ಸಾಮಾನು ಇಷ್ಟು ಬಂದರೆ ಕಸ ಇಷ್ಟಾದರೂ ಹೋಗಬೇಕು, ಹೋಗದಿದ್ದರೆ ಏನೋ ಮೋಸವಿದೆ ಎಂಬ ನಿಯಮ ಬರೆದವಳು ನೀನು. ಆ ನೂಡಲ್ಸ್ ಅಂಗಡಿಯವನು ಎಂಜಲನ್ನೆಲ್ಲ ಚರಂಡಿಗೆ ಸುರಿದು ಕಡಿಮೆ ಬಡ್ಡಿ ಹೊಡೆಯುತ್ತಿದ್ದುದನ್ನು ನೀನೇ ಹಿಡಿದದ್ದು ಮರೆತೆಯಾ? ಅವತ್ತು ನಾನು ಎಲ್ಲರಿಗೂ ಹಂದಿ ಮಾಂಸ ಸುಡಿಸಿ ತಿನ್ನಿಸಿದ್ದೆ. ನೀನು ಮೇಜಿನ ಮೇಲೆ ಚಮಚ ಹಿಡಿದು ಹಾಡಿದ್ದೆ.

ಹಿಂಡಿಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ದಾನಕ್ಕೆ ರಸೀದಿ ಇರುವುದಿಲ್ಲ, ಮತ್ತು ನಮ್ಮಲ್ಲಿ ಹಣ ಹಾಕಿದವರು ರಸೀದಿ ಇಲ್ಲದ ಯಾವುದನ್ನೂ ನಂಬುವುದಿಲ್ಲ. ಒಂದು ಅಂಗಡಿಗೆ ಬಾಯಿಮಾತಿನ ಮೇಲೆ ಬಿಟ್ಟರೆ ನಾಳೆ ಆ ನೂಡಲ್ಸಿನವನೂ "ನಾನೂ ದಾನ ಮಾಡ್ತೀನಿ" ಅನ್ನುತ್ತಾನೆ. ಹಾಗಾಗಿ ಹುಡುಗರಿಗೆ ಹೇಳಿ ಒಂದು ಕ್ಯೂಆರ್ ಹಾಳೆ ಮಾಡಿಸಿದ್ದೇನೆ. ಗೂಟದ ಪಕ್ಕ ಅಂಟಿಸು. ಚೀಲ ಒಯ್ಯುವವರು ಫೋನ್ ತೋರಿಸಿದರೆ ಸಾಕು, ಪುರಾವೆಯಾಗುತ್ತದೆ, ಸಾಲ ತಾನಾಗಿ ಬಿಡುಗಡೆಯಾಗುತ್ತದೆ. ಇದಕ್ಕಿಂತ ಸುಲಭ ದಾರಿ ನನಗೆ ತೋಚಲಿಲ್ಲ.

ಇನ್ನೊಂದು ಮಾತು. ನಿನ್ನ ಮೇಜಿನ ಕೆಳಗೆ ನಿನ್ನ ಉಣ್ಣೆ ಚಪ್ಪಲಿ ಇನ್ನೂ ಇದೆ. ಕಚೇರಿಯೊಳಗೆ ತೊಡಲೆಂದು ನಾನೇ ಉಡುಗೊರೆ ಕೊಟ್ಟದ್ದು. ನಮ್ಮಮ್ಮ ಅವತ್ತೇ ಬೈದಿದ್ದಳು: "ಕಾಲಿಗೆ ಹಾಕೋದನ್ನ ಸುಮ್ನೆ ಕೊಡ್ತಾರೇನೇ? ಹಾಕ್ಕೊಂಡೋರು ಬಿಟ್ಟು ಓಡಿಹೋಗ್ತಾರೆ. ಒಂದು ನಾಣ್ಯನಾದ್ರೂ ಈಸ್ಕೋ, ಮಾರಿದ ಹಾಗಾಗುತ್ತೆ." ಈ ಕಾಲದಲ್ಲಿ ನಾಣ್ಯ ಯಾರ ಹತ್ತಿರ ಇದೆ ಎಂದು ನಾನು ನಕ್ಕಿದ್ದೆ. ನೀನು ಅವನ್ನು ಹಾಕಿಕೊಂಡು ಏಳು ವರ್ಷ ಇದ್ದೆ, ಆಮೇಲೆ ಒಂದು ಮಾತೂ ಹೇಳದೆ ಹೋದೆ. ನಮ್ಮಮ್ಮ ಈಗಲೂ ಅದನ್ನೇ ಎತ್ತಿ ಆಡುತ್ತಾಳೆ.

ನಮ್‌ಹಿ


ಜೆಚೊನ್
ಡಿಸೆಂಬರ್ 3

ನಮ್‌ಹಿ ಅವರಿಗೆ,

ನಿಯಮ ನನ್ನದೇ ಎಂಬುದು ಸಿಟ್ಟಿನಲ್ಲಿ ಹೊಳೆದಿರಲಿಲ್ಲ, ಒಪ್ಪಿಕೊಂಡೆ. ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದಾಗ ದೊಡ್ಡಮ್ಮ ಹಿಂದೆಯೇ ನಿಂತಿದ್ದಳು. "ಓಹೋ, ನಮ್ಮನ್ನ ಕಳ್ಳಿ ಅಂದಿದ್ದು ನೀನೇನಾ?" ಎಂದು ಕೇಳಿ, ಆವತ್ತಿನಿಂದ ನನ್ನನ್ನು "ಇನ್ಸ್‌ಪೆಕ್ಟರಮ್ಮ" ಎಂದೇ ಕರೆಯುತ್ತಿದ್ದಾಳೆ. ಇನ್ಸ್‌ಪೆಕ್ಟರಮ್ಮ, ಕಾಳು ತೊಳೆ. ಇನ್ಸ್‌ಪೆಕ್ಟರಮ್ಮ, ಊಟಕ್ಕೆ ಬಾ.

ಆದರೆ ನನ್ನ ನಿಯಮಕ್ಕೆ ಎರಡನೆಯ ಸಾಲೊಂದಿತ್ತು. ಅನುಮಾನ ಬಂದರೆ ನಮ್ಮಲ್ಲಿ ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಬೇಕು, ಅಲ್ಲಿಯವರೆಗೆ ಏನೂ ನಿಲ್ಲಿಸಬಾರದು. ನೂಡಲ್ಸಿನವನನ್ನು ನಾನು ಹಿಡಿದದ್ದು ಪರದೆ ನೋಡಿ ಅಲ್ಲ, ಅವನ ಹಿತ್ತಲಿಗೆ ಹೋಗಿ. ಹೋಗಿ ಬರುವ ಖರ್ಚು ಜಾಸ್ತಿಯೆಂದು ಆ ಸಾಲನ್ನು ಹೊಡೆದುಹಾಕಿದವರು ನೀವು. ಅದೂ ನಾನು ರಜೆಯಲ್ಲಿದ್ದ ವಾರ. ಒಂದು ಮಾತೂ ಹೇಳದೆ ಹೋದೆ ಎನ್ನುತ್ತೀರಿ. ಒಂದು ಮಾತೂ ಕೇಳದೆ ಹೊಡೆದುಹಾಕಿದ್ದನ್ನು ಮೊದಲು ಎಣಿಸಿ.

ಕ್ಯೂಆರ್ ಹಾಳೆ ತಲುಪಿತು. ಮೊಳಕೆಯ ಚಿತ್ರವೆಲ್ಲ ಹಾಕಿ ಚೆಂದ ಮಾಡಿದ್ದಾರೆ. ದೊಡ್ಡಮ್ಮ ಅದನ್ನು ತಿರುಗಿಸಿ ಮಗುಚಿ ನೋಡಿದಳು.

"ಇದೇನೇ ಇದು?"

"ಚೀಲ ತಗೊಳ್ಳೋರು ಇದಕ್ಕೆ ಫೋನ್ ತೋರಿಸ್ಬೇಕು, ದೊಡ್ಡಮ್ಮ. ಅಷ್ಟೇ."

"ಯಾಕೆ?"

"ನಾವು ನಿಜವಾಗ್ಲೂ ಕೊಡ್ತಿದೀವಿ ಅಂತ ಗೊತ್ತಾಗೋಕೆ."

"ಯಾರಿಗೆ ಗೊತ್ತಾಗ್ಬೇಕು? ಒಂದು ಕಾಲದಲ್ಲಿ ಇದೇ ಬೀದೀಲಿ ಮೂರು ಅಂಗಡಿ ಇಟ್ಕೊಂಡಿದ್ದೋರು ಒಬ್ರು ಬರ್ತಾರೆ. ಟೋಪಿ ಕಣ್ಣಿನ ತನಕ ಎಳ್ಕೊಂಡು ಬರ್ತಾರೆ. ನಾನೇ ಒಳಗೆ ಕೂತ್ಕೊಂಡು ಅವರು ಹೋಗೋ ತನಕ ಕೆಮ್ಮಲ್ಲ. ಹಿಂಡೀನ ಹೊರಗೆ ಯಾಕೆ ಇಡ್ತೀವಿ ಅಂದ್ಕೊಂಡಿದೀಯ? ಒಳಗೆ ಜಾಗ ಇಲ್ಲ ಅಂತಲಾ?"

ನಾನು ಹಾಳೆಯನ್ನು ಒಳಗೆ ಕಪಾಟಿನಲ್ಲಿಟ್ಟೆ. ಆದರೆ ಆ ಸಂಜೆ ಬಾಯ್ಲರ್ ನಿಂತೇ ಹೋಯಿತು. ರಿಪೇರಿಯವನು ಬಂದು ಅದರ ಹೊಟ್ಟೆಗೆ ಕಿವಿಯಿಟ್ಟು, ಹೇಗೋ ಮತ್ತೆ ಹೊತ್ತಿಸಿ, "ಹಬ್ಬದ ತನಕ ಬಂದ್ರೆ ನಿಮ್ಮ ಪುಣ್ಯ" ಎಂದು ಹೋದ. ಅಂಗಡಿ ಹೋದರೆ ದೊಡ್ಡಮ್ಮ ಏನು ಮಾಡಿಯಾಳೆಂದು ಯೋಚಿಸಿ ನನಗೆ ಹೆದರಿಕೆಯಾಯಿತು. ಅವಳಿಗೆ ಬೇರೆ ಬದುಕು ಗೊತ್ತಿಲ್ಲ. ಕಾಲು ಹಿಡಿದು ಬೇಡಿಕೊಂಡೆ. ಒಂದು ವಾರ ಮಾತ್ರ ಎಂದು ಒಪ್ಪಿದ್ದಾಳೆ. ಹಾಳೆಯನ್ನು ನಾಳೆ ಬೆಳಿಗ್ಗೆ ಅಂಟಿಸುತ್ತೇನೆ.

ಚಪ್ಪಲಿ ಬೇಕಾದವರಿಗೆ ಕೊಟ್ಟುಬಿಡಿ.

ಆರಾನ್


ಸಿಯೋಲ್
ಡಿಸೆಂಬರ್ 10

ಆರಾನ್,

ಇದು ಚಿಕ್ಕ ಪತ್ರ, ಸಂತೋಷಕ್ಕೆ ಬರೆದದ್ದು. ಬೆಳಿಗ್ಗೆ ಪರದೆ ತೆರೆದರೆ ನಿಮ್ಮ ಅಂಗಡಿಯ ಮುಂದಿನ ಕೆಂಪು ಗುರುತು ಹೋಗಿ ಹಸಿರಾಗಿದೆ. ನಾನು ಯಾರಿಗೂ ಹೇಳಿ ಮಾಡಿಸಿದ್ದಲ್ಲ, ತಾನಾಗಿ ಆದದ್ದು. ಅನುಮಾನ ನಿವಾರಣೆಯಾಗಿದೆ, ಸಾಲ ಮಂಜೂರಾಗಿದೆ. ದೊಡ್ಡಮ್ಮ ಸಹಿ ಹಾಕಿದರೆ ಬಾಯ್ಲರಿನವರು ತಿಂಗಳೊಳಗೆ ಬರುತ್ತಾರೆ.

ನಾನು ಹೇಳಿರಲಿಲ್ಲವೇ, ಸುಲಭದ ದಾರಿಯೆಂದು? ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಕಳ್ಳಿ ಅಂದದ್ದಕ್ಕೆ ಕ್ಷಮೆಯನ್ನೂ ಕೇಳು, ನಿನ್ನ ಪರವಾಗಿ ಮತ್ತು ನನ್ನ ಪರವಾಗಿ.

ನಮ್‌ಹಿ


ಜೆಚೊನ್
ಡಿಸೆಂಬರ್ 15

ಅಕ್ಕ,

ನೀನು ಹಸಿರು ನೋಡಿ ಸಂತೋಷಪಟ್ಟೆಯಲ್ಲ, ಅದು ಹೇಗೆ ಹಸಿರಾಯಿತೆಂದು ಹೇಳುತ್ತೇನೆ ಕೇಳು.

ಹಾಳೆ ಅಂಟಿಸಿದ ಮೊದಲ ದಿನ ಒಬ್ಬಳು ಕಾಲೇಜು ಹುಡುಗಿ ಫೋನ್ ತೋರಿಸಿ ಒಂದು ಚೀಲ ಒಯ್ದಳು. ಇನ್ನೊಬ್ಬ ಅಜ್ಜಿ ಹಾಳೆಯನ್ನು ತುಂಬ ಹೊತ್ತು ನೋಡಿ, "ಈಗ ದುಡ್ಡು ಕೊಡ್ಬೇಕೇನಮ್ಮ?" ಎಂದು ಕೇಳಿದಳು. ಇಲ್ಲ ಅಜ್ಜಿ ಎಂದೆ. ನಂಬಲಿಲ್ಲ. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಟೋಪಿಯವರು ಬೀದಿಯ ತಿರುವಿನವರೆಗೆ ಬಂದು, ಹಾಳೆ ಕಂಡು, ಏನೋ ಮರೆತವರ ಹಾಗೆ ಜೇಬು ತಡವಿಕೊಂಡು ಹಿಂದಿರುಗಿದರು. ನಾನು ಕಿಟಕಿಯಿಂದ ನೋಡಿದೆ.

ಚೀಲಗಳು ಗೂಟದಲ್ಲೇ ಮರಗಟ್ಟಿದವು. ಹಿಂಡಿ ಎರಡು ದಿನಕ್ಕಿಂತ ಹೆಚ್ಚು ಕೆಡದೆ ಇರುವುದಿಲ್ಲ, ನಿನಗೆ ಗೊತ್ತು. ನಾನೇ ತೆಗೆದುಕೊಂಡು ಹೋಗಿ ಬೀದಿಯ ಕೊನೆಯ ಡಬ್ಬಿಗೆ ಸುರಿದೆ. ಕಾರ್ಡ್ ತೋರಿಸಿದೆ. ಡಬ್ಬಿ ತೂಕ ಹೇಳಿತು, ಆ ಯಂತ್ರದ ಹೆಣ್ಣುದನಿಯಲ್ಲಿ ಧನ್ಯವಾದವನ್ನೂ ಹೇಳಿತು. ಮರುದಿನವೂ ಸುರಿದೆ. ಅದರ ಮರುದಿನವೂ.

ಆಮೇಲೆ ನಿನ್ನ ಮೊಳಕೆಯಿಂದ ಸಂದೇಶ ಬಂತು. "ಅಭಿನಂದನೆಗಳು. ನಿಮ್ಮ ಅಂಗಡಿಯ ಕಸದ ಪ್ರಮಾಣ ಸಹಜವಾಗಿದೆ. ನೀವು ನಂಬಿಕೆಗೆ ಅರ್ಹರು."

ಅರ್ಥವಾಯಿತಾ, ಅಕ್ಕ? ಜನ ತಿನ್ನುತ್ತಿದ್ದಾಗ ನಾವು ಕಳ್ಳರು. ಅದನ್ನೇ ತಿಪ್ಪೆಗೆ ಸುರಿದಾಗ ನಂಬಿಕಸ್ತರು. ನಿನ್ನ ಹುಡುಗರು ಮಾಡಿದ ಚೆಂದದ ಹಾಳೆಯಿಂದಲ್ಲ ನಮಗೆ ಸಾಲ ಸಿಕ್ಕಿದ್ದು, ಒಳ್ಳೆಯ ಆಹಾರವನ್ನು ಎಸೆದದ್ದರಿಂದ. ಇದಕ್ಕೆ ನಾವಿಬ್ಬರೂ ಹಸಿರು ಎಂದು ಹೆಸರಿಟ್ಟು ಏಳು ವರ್ಷ ನಿದ್ದೆಗೆಟ್ಟು ದುಡಿದೆವು.

ಸಂದೇಶವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಸುಳ್ಳು ಹೇಳಬಹುದಿತ್ತು, ಆಗಲಿಲ್ಲ. ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು, ಹಾಳೆಯನ್ನು ಕಿತ್ತಳು, ನಾಲ್ಕಾಗಿ ಮಡಚಿ ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟಳು.

"ಬೇಡಮ್ಮ ನಿನ್ನ ಬಾಯ್ಲರು. ಊಟಾನ ಎಸೆದು ಒಲೆ ತರೋದಾ? ಆ ಒಲೆ ಮೇಲೆ ಏನು ಬೇಯಿಸ್ಲಿ ನಾನು?"

"ಅಂಗಡಿ ಹೋಗುತ್ತೆ ದೊಡ್ಡಮ್ಮ."

"ಹೋದ್ರೆ ಹೋಗ್ಲಿ. ನಾನೇ ಮುಚ್ಚಿದ್ರೆ ಮುಚ್ಚಿದ್ಳು ಅಂತಾರೆ. ಹೀಗೆ ನಡೆಸಿದ್ರೆ ಏನಂತಾರೆ?"

ಹಾಗಾಗಿ ಸಹಿ ಹಾಕುವುದಿಲ್ಲ. ಈಗ ಹಿಂಡಿ ಮತ್ತೆ ಖಾಲಿಯಾಗುತ್ತಿದೆ, ಡಬ್ಬಿಯ ತೂಕ ಮತ್ತೆ ಸೊನ್ನೆ. ನಾಡಿದ್ದು ನಾವು ಮತ್ತೆ ಕಳ್ಳರಾಗುತ್ತೇವೆ, ನಿನ್ನ ಪರದೆಯಲ್ಲಿ ನೋಡಿಕೊ. ಇದಕ್ಕೆ ಉತ್ತರ ಬರೆಯಬೇಡ. ಅಂಚೆಚೀಟಿ ಉಳಿಸು.

ಆರಾನ್


ಸಿಯೋಲ್
ಜನವರಿ 13

ಆರಾನ್,

ನೀನು ಉತ್ತರ ಬರೆಯಬೇಡವೆಂದೆ. ಬರೆಯಲಿಲ್ಲ, ಒಂದು ತಿಂಗಳು. ಬೈಯುವಾಗಲಾದರೂ "ಅಕ್ಕ" ಎಂದೆ, "ನೀನು" ಎಂದೆ. ಆ ಪತ್ರದಲ್ಲಿ ನನಗೆ ಸಂತೋಷ ಕೊಟ್ಟದ್ದು ಅದೊಂದೇ. ಉಳಿದದ್ದನ್ನು ಓದಿ ಮೂರು ದಿನ ಊಟ ಸರಿಯಾಗಿ ಸೇರಲಿಲ್ಲ.

ಕಳೆದ ಮಂಗಳವಾರ ನಾನು ಜೆಚೊನ್‌ಗೆ ಬಂದಿದ್ದೆ. ಚೊಂಗ್ನ್ಯಾಂಗ್ನಿ ನಿಲ್ದಾಣದಿಂದ ಮೊದಲ ರೈಲು ಹಿಡಿದೆ. ಯಾರಿಗೂ ಹೇಳಲಿಲ್ಲ. ಹೋಗಿ ಕಣ್ಣಾರೆ ನೋಡಿ ಬರಬೇಕು ಎಂಬ ನಿನ್ನ ಸಾಲನ್ನು ಹೊಡೆದುಹಾಕಿದವಳೇ ಹೋಗಿ ನೋಡಿ ಬರೋಣವೆಂದು ಹೊರಟದ್ದು. ಕೈಯಲ್ಲಿ ಫೋನ್ ಹಿಡಿದು, ಬಂದವರನ್ನು ಎಣಿಸುವುದು, ಸಾಧ್ಯವಾದರೆ ದೂರದಿಂದ ಒಂದು ಫೋಟೊ, ಹೀಗೆಲ್ಲ ಯೋಚನೆ ಮಾಡಿಕೊಂಡಿದ್ದೆ.

ನಿಮ್ಮ ಅಂಗಡಿಯ ಎದುರಿಗೆ ಸಲೂನ್ ಇದೆಯಲ್ಲ, ಅದರ ಮುಂದೆ ನಿಂತೆ. ಗೂಟದಲ್ಲಿ ಚೀಲಗಳು ಹಬೆಯಾಡುತ್ತ ತೂಗುತ್ತಿದ್ದವು. ಚಳಿಗೆ ಮೂಗು ನನ್ನದೇ ಅಲ್ಲ ಅನ್ನಿಸುತ್ತಿತ್ತು. ಸುಮಾರು ಹೊತ್ತು ನಿಂತರೂ ಒಬ್ಬರೂ ಬರಲಿಲ್ಲ. ಹಾಗಾದರೆ ಇವಳು ಹೇಳಿದ್ದೆಲ್ಲ ಸುಳ್ಳೇ ಎಂದು ಒಂದು ಕ್ಷಣ ಅನ್ನಿಸಿತು. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಆಗ ಸಲೂನಿನ ಹೆಂಗಸು ತಲೆಗೆ ಸುರುಳಿಗಳನ್ನು ಸುತ್ತಿಕೊಂಡೇ ಬಾಗಿಲು ತೆಗೆದಳು.

"ಯಾರಿಗಮ್ಮ ಕಾಯ್ತಿದೀಯ?"

"ಯಾರಿಗೂ ಇಲ್ಲ. ಸುಮ್ನೆ ನಿಂತಿದೀನಿ."

"ಸುಮ್ನೆ ನಿಲ್ಲೋಳಾದ್ರೆ ಈ ಕಡೆ ತಿರುಗಿ ನಿಂತ್ಕೊ. ಹಂಗೆ ಗುರಾಯಿಸ್ಕೊಂಡು ನಿಂತ್ರೆ ಪಾಪ ಅವರು ಹೆಂಗೆ ಬರ್ತಾರೆ? ಆಗಿಂದ ಆ ಮೂಲೇಲಿ ಕಾಯ್ತಾ ಇದಾರೆ, ನೀನು ಯಾವಾಗ ಹೋಗ್ತೀಯೋ ಅಂತ."

ಮೂಲೆಯತ್ತ ನೋಡಲು ಹೊರಟೆ. "ನೋಡ್ಬೇಡ ಅಂದ್ನಲ್ಲ" ಎಂದು ನನ್ನ ಭುಜ ಹಿಡಿದು ತಿರುಗಿಸಿಯೇ ಬಿಟ್ಟಳು. ಆರಾನ್, ಮುಖ್ಯಸ್ಥೆಯಾದ ಮೇಲೆ ನನ್ನನ್ನು ಯಾರೂ ಹಾಗೆ ಹಿಡಿದು ತಿರುಗಿಸಿರಲಿಲ್ಲ. ಸಲೂನಿನ ಗಾಜಿಗೆ ಎದುರಾಗಿ ನಿಂತೆ. ಗಾಜಿನಲ್ಲಿ ಬೀದಿಯೆಲ್ಲ ಕಾಣುತ್ತಿತ್ತು. ಇಲ್ಲಿಂದಲೇ ಎಣಿಸಬಹುದಲ್ಲ ಎಂದು ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಕಣ್ಣು ಮುಚ್ಚಿಕೊಂಡೆ.

ಹೆಜ್ಜೆ ಸದ್ದು ಕೇಳಿಸಿತು. ಒಬ್ಬರದೋ ಇಬ್ಬರದೋ. ಚೀಲ ಗೂಟದಿಂದ ಕಳಚುವ ಸರಬರ ಸದ್ದು. ಯಾರೋ ಸಣ್ಣಗೆ ಕೆಮ್ಮಿದರು. ಮತ್ತೆ ಹೆಜ್ಜೆಗಳು, ಮತ್ತೆ ಸರಬರ. ಆಮೇಲೆ ಸಲೂನಿನವಳು "ಸಾಕು, ಈಗ ತಿರುಗು" ಅಂದಳು. ಗೂಟ ಖಾಲಿಯಾಗಿತ್ತು.

ನಿಮ್ಮ ಅಂಗಡಿಗೆ ಬಂದು ಒಂದು ತುಂಡು ತೋಫು ಕೊಂಡೆ. ದೊಡ್ಡಮ್ಮ ಒಬ್ಬರೇ ಇದ್ದರು. ಹಿಂಡಿ ಸಾರು ಮಾಡುವುದು ಹೇಗೆ ಎಂದು ಕೇಳಿದೆ, ಹೇಳಿಕೊಟ್ಟರು. ನಾನು ಯಾರೆಂದು ಹೇಳಲು ಬಾಯಿ ಬರಲಿಲ್ಲ. ಬಿಸಿ ತೋಫು ಹಿಡಿದುಕೊಂಡು ರೈಲು ಹತ್ತಿದೆ.

ನಿನ್ನೆ ಸಭೆ ಇತ್ತು. ಹಣ ಹಾಕಿದವರ ಕಡೆಯ ಪ್ಯೊ ಅವರು ನಿನಗೆ ನೆನಪಿರಬೇಕು, ನಗುವುದಕ್ಕೂ ರಸೀದಿ ಕೇಳುವ ಮನುಷ್ಯ. ಹೋಗಿ ಬಂದೆ ಎಂದು ಹೇಳಿದೆ.

"ಎಷ್ಟು ಜನ ತಗೊಂಡ್ರು?"

"ನೋಡ್ಲಿಲ್ಲ."

"ನೋಡೋಕೆ ತಾನೇ ಹೋಗಿದ್ದು?"

"ಹೌದು. ಬೆನ್ನು ತಿರುಗಿಸಿ ನಿಂತಿದ್ದೆ."

ಅವರು ಕನ್ನಡಕ ತೆಗೆದರು. "ಹಾಗಾದ್ರೆ ಪುರಾವೆ ಎಲ್ಲಿ?"

ಪುರಾವೆ ನಮ್ಮ ಪರದೆಯಲ್ಲೇ ಇದೆ ಎಂದು ತೋರಿಸಿದೆ. ನಾವು ಏನೂ ಕೇಳದ ತಿಂಗಳುಗಳಲ್ಲೆಲ್ಲ ಆ ಡಬ್ಬಿ ಖಾಲಿ. ಪುರಾವೆ ಕೊಡಿ ಎಂದು ಹಾಳೆ ಅಂಟಿಸಿದ ಒಂದೇ ವಾರ ಡಬ್ಬಿ ತುಂಬಿದೆ. ಹಾಳೆ ಕಿತ್ತ ಮರುದಿನದಿಂದ ಮತ್ತೆ ಖಾಲಿ. ಎಲ್ಲೋ ಕದ್ದು ಸುರಿಯುವವರಾಗಿದ್ದರೆ ಆ ವಾರವೂ ಅಲ್ಲೇ ಸುರಿಯುತ್ತಿದ್ದರು. ಅಷ್ಟೂ ಹಿಂಡಿಯನ್ನು ತಿನ್ನುವವರು ಇದ್ದಾರೆ, ನಾವು ನೋಡಲು ಹೋದಾಗ ಮಾತ್ರ ಅವರು ಇರುವುದಿಲ್ಲ.

ಪ್ಯೊ ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡು ಲೆಕ್ಕ ಹಾಕಿದರು. ಆಮೇಲೆ, "ಬೇರೆ ತೋಫು ಅಂಗಡಿಗಳನ್ನೂ ನಾವು ನಿಲ್ಲಿಸಿದೀವಾ?" ಎಂದು ಕೇಳಿದರು. ನಿಲ್ಲಿಸಿದ್ದೆವು. ಎಲ್ಲವನ್ನೂ ನಿನ್ನೆ ಸಂಜೆ ಬಿಡುಗಡೆ ಮಾಡಿದೆ. ನಿಯಮದ ಎರಡನೆಯ ಸಾಲನ್ನು ಮತ್ತೆ ಬರೆದಿದ್ದೇನೆ, ನಿನ್ನ ಮಾತಿನಲ್ಲೇ. ಅದರ ಕೆಳಗೆ ನನ್ನದೂ ಒಂದು ಸೇರಿಸಿದ್ದೇನೆ: ಬಾಗಿಲ ಹೊರಗಿಟ್ಟು ಕೊಟ್ಟದ್ದಕ್ಕೆ ಪುರಾವೆ ಕೇಳಬಾರದು, ಅಕ್ಕಪಕ್ಕದ ಇಬ್ಬರ ಮಾತು ಸಾಕು. ನಿಮ್ಮ ಅಂಗಡಿಯ ಪರವಾಗಿ ಸಲೂನಿನವಳ ಮಾತನ್ನು ನಾನೇ ಬರೆದುಕೊಂಡಿದ್ದೇನೆ. ಚೀಲಗಳು ಪ್ಲಾಸ್ಟಿಕ್‌ನವೇ ಎಂದು ಯಾರಾದರೂ ಕೇಳಿದರೆ, ಅದನ್ನು ಮಾತ್ರ ನಾನು ನೋಡಿಲ್ಲ. ಬೆನ್ನು ತಿರುಗಿಸಿದ್ದೆನಲ್ಲ.

ದೊಡ್ಡಮ್ಮ ಈಗ ಸಹಿ ಹಾಕುತ್ತಾರೆಯೇ? ಬಾಯ್ಲರಿನವರನ್ನು ಹಬ್ಬಕ್ಕೆ ಮುಂಚೆ ಕಳಿಸಲು ಕಾಡಿ ಬೇಡಿ ಒಪ್ಪಿಸಿದ್ದೇನೆ.

ಹೋಗಿ ನೋಡಿ ಬರುವ ಕೆಲಸಕ್ಕೆ ಒಬ್ಬರು ಬೇಕು. ನನಗೆ ಗೊತ್ತಿರುವವರಲ್ಲಿ ಒಬ್ಬಳಿಗೇ ಆ ಕೆಲಸ ಬರುತ್ತದೆ. ಅವಳನ್ನು ಕೇಳಲು ನನಗೆ ಮುಖವಿಲ್ಲ. ಅವಳನ್ನು ಕೇಳದೆ ಆ ಸಾಲು ಅಳಿಸಿದ್ದು ತಪ್ಪು ಎಂದಾದರೂ ಅವಳಿಗೆ ಹೇಳು.

ಚಪ್ಪಲಿ ಯಾರಿಗೂ ಕೊಟ್ಟಿಲ್ಲ.

ನಿನ್ನ ಅಕ್ಕ,
ನಮ್‌ಹಿ


ಜೆಚೊನ್
ಫೆಬ್ರವರಿ 6

ಅಕ್ಕ,

ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ. ಬೀದಿಯಲ್ಲಿ ಎಳ್ಳು ಹುರಿಯುವ ವಾಸನೆ, ಅಕ್ಕಿ ಗಿರಣಿಯ ಮುಂದೆ ಪಾತ್ರೆಗಳ ಸಾಲು. ಈ ಸಲ ಋತುವಿನ ಸುದ್ದಿಯನ್ನು ಮನಸ್ಸಿಟ್ಟು ಬರೆಯುತ್ತಿದ್ದೇನೆ.

ದೊಡ್ಡಮ್ಮ ಸಹಿ ಹಾಕಿದಳು. ಹಾಕುವ ಮುಂಚೆ ನಿನ್ನ ಹೊಸ ಸಾಲನ್ನು ಎರಡು ಸಲ ಓದಿಸಿದಳು. "ಯಾರು ಬರೆದಿದ್ದು ಇದು?" ಎಂದಳು. ನಮ್‌ಹಿ ಅಕ್ಕ ಎಂದೆ. "ಹೂಂ, ಸಾರು ಮಾಡೋಕೆ ಬಂತಂತಾ ಅವಳಿಗೆ?" ಎಂದು ಕೇಳಿದಳು.

ಹೌದು, ಅವಳಿಗೆ ಅವತ್ತೇ ಗೊತ್ತಾಗಿತ್ತು. ನಮ್ಮಿಬ್ಬರ ಹಳೆಯ ಫೋಟೊ ನನ್ನ ಕೋಣೆಯಲ್ಲಿದೆ, ದಿನಾ ನೋಡುತ್ತಾಳೆ. ಅಲ್ಲದೆ ಅವಳು ಹೇಳಿದ್ದು: "ಜೆಚೊನ್‌ನಲ್ಲಿ ಹಿಂಡಿ ಸಾರು ಹೇಗೆ ಮಾಡೋದು ಅಂತ ಕೇಳೋಳು ಒಂದೋ ಹೊಸ ಮದುಮಗಳು, ಇಲ್ಲಾ ಸಿಯೋಲಿನ ಗೂಢಚಾರಿ. ಈ ವಯಸ್ಸಲ್ಲಿ ಮದುಮಗಳಂತೂ ಅಲ್ಲ." ನಿನ್ನ ತೋಫುವಿನ ಜೊತೆ ಅರ್ಧ ತುಂಡು ಹೆಚ್ಚಿಗೆ ಕಟ್ಟಿದ್ದಳಂತೆ, ಗಮನಿಸಿದೆಯಾ?

ಇನ್ನೊಂದು ಹೇಳಬೇಕು. ಅವತ್ತು ಅಂಗಡಿಯಲ್ಲಿ ದೊಡ್ಡಮ್ಮ ಒಬ್ಬಳೇ ಇರಲಿಲ್ಲ. ನಾನು ಹಂಡೆಯ ಹಿಂದೆ ಹಬೆಯಲ್ಲಿ ನಿಂತಿದ್ದೆ. ಅದಕ್ಕೂ ಮುಂಚೆ ನೀನು ಸಲೂನಿನ ಮುಂದೆ ನಿಂತದ್ದನ್ನು ಕಿಟಕಿಯಿಂದಲೇ ನೋಡಿದ್ದೆ. ಯಾವ ಕೋಟು ಹಾಕಿದರೂ ಎಡಭುಜ ತಗ್ಗಿಸಿಯೇ ನಿಲ್ಲುವವಳು ನೀನೊಬ್ಬಳೇ. ಹೊರಗೆ ಬಂದು ಕೂಗಿಬಿಡೋಣ ಅನ್ನಿಸಿತು. ಆದರೆ ಆಗ ಟೋಪಿಯವರು ಗೂಟದ ಹತ್ತಿರ ಬಂದಿದ್ದರು. ನೀನು ಗಾಜಿನ ಮುಂದೆ ಕಣ್ಣು ಮುಚ್ಚಿ ನಿಂತದ್ದನ್ನು ನಾನು ಗಾಜಿನಲ್ಲೇ ಕಂಡೆ. ಆಮೇಲೆ ನೀನು ಒಳಗೆ ಬಂದಾಗ ನನಗೆ ಅಳು ಬರುತ್ತಿತ್ತು, ಹಾಗಾಗಿ ಹಂಡೆಯ ಹಿಂದೆಯೇ ಉಳಿದೆ. ನೀನು ನಿಯಮ ತಿದ್ದದೇ ಇದ್ದಿದ್ದರೂ ಅವತ್ತಿಗೆ ನನ್ನ ಸಿಟ್ಟು ಮುಗಿದಿತ್ತು. ಇದನ್ನು ನಿನಗೆ ಹೇಳಿಬಿಟ್ಟರೆ ನನಗೇ ಹಗುರ.

ಬಾಯ್ಲರ್ ಬಂದು ವಾರವಾಯಿತು. ಹಳೆಯದು ಗುಡುಗುತ್ತಿತ್ತು, ಇದು ಉಸಿರೇ ಬಿಡುವುದಿಲ್ಲ. ದೊಡ್ಡಮ್ಮ ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತಾಳೆ, "ಬದುಕಿದೆಯೇನೇ ಇದು?" ಎನ್ನುತ್ತಾಳೆ. ಮೊದಲ ದಿನದ ತೋಫು ತಿಂದು, ಹಿಂದಿನ ಹಾಗೇ ಇದೆ ಎಂದು ಸ್ವಲ್ಪ ಬೇಸರಪಟ್ಟಳು. ಬೈಯಲು ಏನೂ ಸಿಗಲಿಲ್ಲವಲ್ಲ ಎಂದಿರಬೇಕು. ಹಬ್ಬದ ತೋಫುವಿಗೆ ಹೆಸರು ಬರೆಸಿದವರ ಸಾಲು ಗೋಡೆ ತುಂಬಿದೆ. ಅಂಗಡಿ ಮುಚ್ಚುವ ಮಾತು ನಿಂತುಹೋಗಿದೆ. ನನ್ನನ್ನು ಇನ್ಸ್‌ಪೆಕ್ಟರಮ್ಮ ಎನ್ನುವುದು ಮಾತ್ರ ನಿಂತಿಲ್ಲ.

ಆ ಹೆಸರು ಇದ್ದೇ ಇರುವುದರಿಂದ ಕೆಲಸವನ್ನೂ ಮಾಡಿಬಿಡುತ್ತೇನೆ. ಸಿಯೋಲಿಗೆ ಬರಲಾರೆ, ಬೆಳಗಿನ ಕಾಳು ನನಗಾಗಿ ಕಾಯುತ್ತದೆ. ಈ ಕಡೆಯ ಊರುಗಳ ಅಂಗಡಿಗಳನ್ನು ಮಧ್ಯಾಹ್ನದ ಮೇಲೆ ಹೋಗಿ ನೋಡಿ ಬರುತ್ತೇನೆ. ಎಲ್ಲಿ ಬೆನ್ನು ತಿರುಗಿಸಬೇಕೆಂದು ನನಗೂ ಈಗ ಗೊತ್ತಿದೆ. ಚಳಿಯಲ್ಲಿ ಅಂಗಡಿಯ ನೆಲ ಮಂಜಿನ ಹಾಗಿರುತ್ತದೆ, ಉಣ್ಣೆ ಚಪ್ಪಲಿಯನ್ನು ಇಲ್ಲಿಗೇ ಕಳಿಸು.

ಅದಕ್ಕಾಗಿ ಈ ಪತ್ರದೊಳಗೆ ಒಂದು ನೂರು ವೊನ್ ನಾಣ್ಯ ಇಟ್ಟಿದ್ದೇನೆ. ಮನೆಯೆಲ್ಲ ಹುಡುಕಿದರೂ ಒಂದು ನಾಣ್ಯ ಸಿಗಲಿಲ್ಲ. ದೊಡ್ಡಮ್ಮ ಕೊಡಲು ಬಂದಳು, ಆದರೆ ಅದು ನನ್ನದೇ ಆಗಿರಬೇಕಲ್ಲ. ಕೊನೆಗೆ ಕೋಟಿನ ಜೇಬಿನಲ್ಲಿ ಸಿಕ್ಕಿತು, ದೊಡ್ಡ ಅಂಗಡಿಯಲ್ಲಿ ತಳ್ಳುಗಾಡಿಯ ಬೀಗ ಬಿಡಿಸಲು ಇಟ್ಟುಕೊಂಡಿದ್ದದ್ದು. ಇದನ್ನು ಆ್ಯಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲವೆಂದು ನಿನ್ನ ಅಮ್ಮನಿಗೆ ಹೇಳಿದರೆ ಅವರು ಒಪ್ಪುತ್ತಾರೆ.

ತಲುಪಿದ ಕೂಡಲೇ ಫೋನ್ ಮಾಡು. ನಿನ್ನ ನಂಬರಿನ ತಡೆ ತೆಗೆದಿದ್ದೇನೆ. ಚಪ್ಪಲಿಯನ್ನು ಈಗ ನಾನು ಕೊಂಡುಕೊಂಡೆ ಅಕ್ಕ, ಇನ್ನು ಓಡಿಹೋಗುವುದಿಲ್ಲ.

ನಿನ್ನ
ಆರಾನ್